ಮೊದಲನೇ ಉದಾಹರಣೆ

"ಹಲೋ... ಹಲೋ, ಯಾರು ಮಾತಾಡ್ತಿರೋದು? ಗಣಿ ಆಪೀಸಾ?..."

ಬಂಗಾರಪೇಟೆಯ ಅಚ್ಚುಕೂಟದಲ್ಲಿ ಫೋನು ಹಿಡಿದು ನಿಂತಿದ್ದ ಕೋದಂಡಪ್ಪನ ಇನ್ನೊಂದು ಕೈಯಲ್ಲಿ ಅವನೇ ಬರೆದ ಪುಸ್ತಕವಿತ್ತು. ಗಣಿಯೊಳಕ್ಕೆ ಜನರನ್ನೂ ಸರಕನ್ನೂ ಇಳಿಸುವ ಕೇಜಿನ ಗಂಟೆ ಸಂಕೇತಗಳನ್ನು ಹೊಸಬರಿಗೆ ಕಲಿಸುವ ಪುಸ್ತಕ. ಮೊದಲ ಕಟ್ಟು ಆಗಲೇ ಗಣಿ ಸೇರಿತ್ತು. ಲೇಖಕ ಮಹಾಶಯ ತನ್ನ ಪ್ರತಿ ತೆರೆದದ್ದು ಈಗ.

"ಹಾಂ, ಕುಪ್ಪುಸ್ವಾಮೀನಾ? ನಾನು ಕಣಪ್ಪಾ, ಕೋದಂಡಪ್ಪ... ಪುಸ್ತಕ ಚೆಂದಾಗೈತಾ? ಚೆಂದ ಆಮೇಲಾಗ್ಲಿ, ಓದಿದ್ದು ಯಾರು, ಅದೇಳು..."

"ಚಿಕ್ಕವೆಂಕಟಪ್ಪನಾ? ಗಂಟೆ ಬಾರ್ಸೋಕೆ ಹೊಸದಾಗಿ ಸೇರವ್ನಲ್ಲ, ಅವನಾ?... ಪೂರ್ತಿ ಓದಿದ್ನಾ?... ಏನು, ಉದಾಹರಣೆ ಮಾತ್ರ ಬಾಯಿಪಾಠ ಮಾಡ್ದನಾ?... ಅಯ್ಯೋ!"

ಕೋದಂಡಪ್ಪ ವಿವರಣೆಯನ್ನು ಎಷ್ಟು ಮುತುವರ್ಜಿಯಿಂದ ಬರೆದಿದ್ದ! ಜನ ವಿವರಣೆ ಹಾರಿಸಿ ಉದಾಹರಣೆಯನ್ನೇ ನಕಲು ಮಾಡುತ್ತಾರೆಂಬುದು ಈ ಜಾಣನಿಗೆ ಹೊಳೆದೇ ಇರಲಿಲ್ಲ.

"ಸರಿಯಾಗಿ ಕೇಳು. ಕೇಜಲ್ಲಿ ಜನ ಇದ್ರೆ ಮೊದ್ಲು ಮೂರು ಸಲ ಬಾರಿಸ್ಬೇಕು, ಅಲ್ವಾ? ಆಮೇಲೆ ಇಳ್ಸೋಕೆ ಎರಡು... ಹಾಂ. ಮೂರು ಬಿಟ್ಟು ಬರೀ ಎರಡು ಬಾರಿಸಿದ್ರೆ ಎಂಜಿನ್ ಡ್ರೈವರು ಜನ ಇಲ್ಲ ಅಂದ್ಕೊಂಡು ಕೇಜನ್ನ ಪೂರಾ ಜೋರಲ್ಲಿ ಕೆಳಕ್ಕೆ ಬಿಡ್ತಾನೆ. ಇಂಗೆ ಮಾಡ್ಬಾರ್ದು ಅಂತ ತೋರ್ಸೋಕೆ ಆ ಬರೀ ಎರಡನ್ನೇ ಮೊದಲ್ನೇ ಉದಾಹರಣೆ ಮಾಡ್ಬಿಟ್ಟೆ ಕಣಪ್ಪಾ... 'ಇದು ತಪ್ಪು' ಅನ್ನೋ ಸಾಲು ಮುಂದಿನ ಪುಟಕ್ಕೆ ಓಗ್ಬಿಟ್ಟೈತೆ!"

"ಯಾಕೆ ನಗ್ತೀಯಾ?... ಅಚ್ಚಾಗಿರೋದು ತಪ್ಪಾಯ್ತದಾ ಅಂತೀಯಾ? ಆಯ್ತದಪ್ಪಾ! ಬರ್ದೋನೇ ಏಳ್ತಿದ್ದೀನಲ್ಲ!"

"ಈಗ ಗಂಟೆ ಅತ್ರ ಯಾರವ್ರೆ?... ಅವನೇನಾ?... ಕೇಜಲ್ಲಿ ಜನ ತುಂಬವ್ರಾ? ಬಾಗ್ಲೂ ಆಕಾಯ್ತಾ?... ಓಡು ಕುಪ್ಪುಸ್ವಾಮಿ! ಸಾಹೇಬ್ರನ್ನ ಕೇಳ್ಬೇಡ, ಫೋನ್ ಅಂಗೇ ಬಿಟ್ಟು ಓಡು!..."

ಅತ್ತ ರಿಸೀವರು ಮೇಜಿಗೆ ಬಡಿದ ಸದ್ದು. ದೂರವಾಗುತ್ತಿದ್ದ ಬೂಟಿನ ಸದ್ದು. ಕೋದಂಡಪ್ಪ ಫೋನನ್ನು ಕಿವಿಗೆ ಒತ್ತಿಕೊಂಡ. ಅಷ್ಟರಲ್ಲಿ ಗಂಟೆ ಕೇಳಿಸಿತು. ಎಣಿಸತೊಡಗಿದ.

"ಒಂದು..."

"ಎರಡು..."

"ಇನ್ನೊಂದು ಬಾರ್ಸೋ ಚಿಕ್ಕವೆಂಕಟಪ್ಪಾ... ಮೂರ್ನೇದು ಬಾರ್ಸಪ್ಪಾ, ನಿನ್ ಕಾಲಿಗೆ ಬೀಳ್ತೀನಿ..."

ಗಂಟೆ ಮತ್ತೆ ಕೇಳಿಸಲಿಲ್ಲ. ಎಂಜಿನ್ನಿನ ಮೊರೆತ ಒಮ್ಮೆಲೇ ಜೋರಾಯಿತು.

"ಹಲೋ... ಯಾರಾದ್ರೂ ಇದೀರಾ?... ಅದು ತಪ್ಪು ಉದಾಹರಣೆ ಕಣ್ರೋ! ಹಲೋ... ಹಲೋ..."

ಲೈನು ಕಡಿದುಹೋಯಿತು.