ನೂರಕ್ಕೆ ಮೂವತ್ತರ ಯಜಮಾನರು

ತಾಂತಾ ಊರಿನ ಹಿರಿಯರೇ, ನಮ್ಮ ಹಲ್ವಾ ಕಾರ್ಖಾನೆಯ ಬಂಧುಗಳೇ, ದುಃಖದಲ್ಲಿರುವ ಹಾಜಾ ನಅಮತ್ ಅಮ್ಮನವರೇ, ಅವರ ಮಕ್ಕಳೇ — ಎಲ್ಲರಿಗೂ ಸಲಾಂ.

ತೀರಿಕೊಂಡ ಹಾಜಿ ರುಶ್ದಿಯವರನ್ನು ನಾವೆಲ್ಲ ಕಂಪನಿಯ ಯಜಮಾನರೆಂದೇ ಕರೆಯುತ್ತಿದ್ದೆವು. ಅವರ ಕೈಯಲ್ಲಿದ್ದದ್ದು ನೂರಕ್ಕೆ ಮೂವತ್ತು ಷೇರು. ಉಳಿದದ್ದು ನಿಮ್ಮದು — ಹೌದು, ಇಲ್ಲಿ ಕುಳಿತಿರುವ ಮೇಷ್ಟ್ರುಗಳದು, ಅಂಗಡಿಯವರದು. ವಾರ್ಷಿಕ ಸಭೆಗೆ ನೀವು ಯಾರೂ ಬರುತ್ತಿರಲಿಲ್ಲ. ಖಾಲಿ ಕುರ್ಚಿಗಳ ಮುಂದೆ ಮೂವತ್ತೇ ಭಾರೀ ಬಹುಮತ.

ಹೊರದೇಶದಲ್ಲಿ ಬೆಳೆದ ಕೈರೋದ ಸಾಹುಕಾರ ಶೌಕತ್ ಬೇ ಸದ್ದಿಲ್ಲದೆ ಷೇರು ಕೊಳ್ಳತೊಡಗಿದರು. ಕಾರ್ಖಾನೆ ಕೆಡವಿ ಮಳಿಗೆ ಕಟ್ಟುವ ಆಸೆ. ಒಂದು ದಿನ ಹಾಜಿಯವರ ಮನೆಗೇ ಊಟಕ್ಕೆ ಬಂದರು. ಕಾರ್ಖಾನೆಯ ಲೆಕ್ಕ ಬರೆಯುವ ನಾನೂ ಇದ್ದೆ.

"ಕಾರ್ಖಾನೆ ತುಂಬಾ ಚೆನ್ನಾಗಿದೆ, ಹಾಜಿ."

"ತಗೊಳ್ಳಿ ಬೇ, ನಿಮ್ದೇ."

ಹೊಗಳಿದವರಿಗೆ ನಾವೆಲ್ಲ ಹೇಳುವ ಮಾತು. ಗಡಿಯಾರ ಹೊಗಳಿದರೂ ಅದೇ, ಮೊಮ್ಮಗನನ್ನು ಹೊಗಳಿದರೂ ಅದೇ. "ನಿಮ್ಮ ಹತ್ರ ಇದ್ರೇನೇ ಚೆಂದ" ಎಂದು ಅತಿಥಿ ಹೇಳಬೇಕು. ಬೇ ಸಾಹೇಬರು ಏನಂದರು ಗೊತ್ತೆ —

"ಸರಿ. ತಗೊಂಡೆ."

ಬಡಿಸುತ್ತಿದ್ದ ಹಾಜಿಯವರ ಹೆಂಡತಿ ಹಾಜಾ ಅಮ್ಮನವರ ಸೌಟು ಹೀಗೆ — ಗಾಳಿಯಲ್ಲೇ ನಿಂತಿತು.

ಸುದ್ದಿ ಊರೆಲ್ಲ ಹಬ್ಬಿತು. ಷೇರು ಅಂದರೇನೆಂದು ಗೊತ್ತಿಲ್ಲದವರಿಗೂ ಮರ್ಯಾದೆ ಅಂದರೇನೆಂದು ಗೊತ್ತಿತ್ತು. ಆ ವರ್ಷ ಬೇ ಸಾಹೇಬರು ಆಡಳಿತ ತಮಗೇ ಬೇಕೆಂದು ಮತಕ್ಕೆ ಹಾಕಿದ ಸಭೆಗೆ ನೀವು ಬಂದಿರಿ — ಕ್ಷೌರದ ಉಸ್ತಾ ಶಹಾತಾ, ನೀವಂತೂ ಕತ್ತರಿ ಹಿಡಿದೇ ಬಂದಿದ್ದಿರಿ. "ಊಟಕ್ಕೆ ಕರೆದ್ರೆ ಕಾರ್ಖಾನೆ ಎತ್ಕೊಂಡ್ ಹೋಗೋದಾ?" ಎನ್ನುತ್ತ ಹಾಜಿಯವರ ಪರ ಕೈ ಎತ್ತಿದಿರಿ.

ಹಾಜಿಯವರು ಹೋದಾಗ ನನಗೆ ಅಳುವಿಗಿಂತ ಮೊದಲು ಬಂದದ್ದು ಭಯ. ಮೂವತ್ತು ಈಗ ಹೆಂಡತಿಗೆ, ಮಗನಿಗೆ, ಇಬ್ಬರು ಹೆಣ್ಣುಮಕ್ಕಳಿಗೆ ಹಂಚಿಹೋಗುತ್ತದೆ. ಚೂರುಚೂರಾದರೆ ಬೇ ಸಾಹೇಬರ ಪಾಲೇ ದೊಡ್ಡದು. ಅವರೂ ಸಾವಿನ ಮನೆಗೆ ಬಂದರು. ಸಕ್ಕರೆಯಿಲ್ಲದ ಕಾಫಿ ಹಿಡಿದು ಹಿರಿಯ ಮಗಳು ಇನ್ಸಾಫ್ ಪಕ್ಕ ಕುಳಿತು, "ನಿಮ್ಮ ತಮ್ಮ ಮಾರೋಕೆ ಆಗ್ಲೇ ಒಪ್ಪಿದ್ದಾರೆ" ಎಂದರು.

"ನನ್ನ ತಮ್ಮಾನಾ? ನನ್ನ ಕೇಳದೆ ಅವನು ಕಾಲುಚೀಲಾನೂ ಕೊಳ್ಳಲ್ಲ, ಬೇ."

ನಿನ್ನೆ ನಾಲ್ವರೂ ಕೂತು ಸಹಿ ಹಾಕಿದರು — ಮೂವತ್ತಕ್ಕೂ ಒಂದೇ ಮತ, ಹೊರಗಿನವರಿಗೆ ಮಾರಾಟವಿಲ್ಲ. ಎಷ್ಟೋ ದಿನಗಳ ಮೇಲೆ ನಾನು ನಿದ್ದೆ ಮಾಡಿದೆ. ಗೊರಕೆ ತಡೆಯಲಾಗಲಿಲ್ಲ ಎಂಬುದು ನನ್ನ ಮನೆಯವಳ ದೂರು. ನಗಬಹುದು, ಹಾಜಿಯವರಿದ್ದರೆ ಮೊದಲು ನಗುತ್ತಿದ್ದವರು ಅವರೇ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಮನಸ್ಸಿನಲ್ಲೇ ಫಾತಿಹಾ ಓದಿ, ಸ್ವಲ್ಪ ಹೊತ್ತು ಮೌನವಾಗಿರೋಣ. ಹಿಂದಿನ ಸಾಲಿನ ಬೇ ಸಾಹೇಬರೇ — ನೀವೂ ಏಳಿ. ನಿಮ್ಮ ಕುರ್ಚಿಗೆ ಯಾರೂ ಕೈ ಹಾಕುವುದಿಲ್ಲ.