ನೊಬುಹಾರನ ರೂಟರ್ ಯಂತ್ರ

ಓಕಾವಾ ಊರಿನ ಆಸ್ಪತ್ರೆಯಲ್ಲಿ, ವ್ಯಾಯಾಮದ ಕೋಣೆಯ ಹೊರಗೆ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಮುದುಕ ಬಡಗಿ ನೊಬುಹಾರ ಕೂತಿದ್ದ. ಲಕ್ವ ಹೊಡೆದ ಎಡಗೈ ತೊಡೆಯ ಮೇಲೆ ಬಿದ್ದಿತ್ತು. ಅವನ ಜೊತೆ ಇಪ್ಪತ್ತು ವರ್ಷ ದುಡಿದ ಕಿನುಯೊ, ಮರದಲ್ಲಿ ಜಾಡು ಕೊರೆಯುವ ಅವನ ರೂಟರ್ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

“ಯಂತ್ರ ಮೇಲೆ ಕೆಳಗೆ ಜಾರೋ ಕಂಬಿ ಬಗ್ಗಿತ್ತಲ್ಲ, ರಿಪೇರಿಯವನು ಬದಲಾಯಿಸಿದಾನೆ, ಯಜಮಾನ್ರೇ. ತಗೊಳ್ಳಿ.”

“ನನಗ್ಯಾಕೆ? ನೀನೇ ಇಟ್ಕೊ.”

“ನಾನು ಮುಟ್ಟಿದ್ರೆ ಬೈತಿದ್ರಲ್ಲ!”

“ಬೈತಿದ್ದೆ. ಒತ್ತಿದ್ರೆ ಮೆತ್ತನೆ ತೋಫುಗೆ ಚಾಕು ಇಳಿದ ಹಾಗೆ ಮರಕ್ಕೆ ಇಳಿಯೋದು. ಬಿಟ್ರೆ ತಾನೇ ಮೇಲೆ ಬರೋದು. ಆ ಸುಖ ಇನ್ನೊಬ್ರಿಗೆ ಕೊಡೋಕೆ ಮನಸ್ಸಿರ್ಲಿಲ್ಲ.”

“ಒಂದು ಕೈಯಲ್ಲಾದ್ರೂ…”

“ಆಗಲ್ಲ ಕಣೆ. ಎರಡೂ ಕಡೆ ಹಿಡಿ ಸಮವಾಗಿ ಒತ್ತಬೇಕು. ಅದು ಕೆಟ್ಟಿದ್ದು ಹೇಗೆ ಅಂದ್ಕೊಂಡೆ? ಒಂದೇ ಕೈಯಲ್ಲಿ ಒತ್ತಿ ನೋಡ್ದೆ. ವಾಲ್ಕೊಂಡು, ಕಂಬಿ ಬಗ್ಗಿ ಸಿಕ್ಕಾಕ್ಕೊಳ್ತು.”

ಕಿನುಯೊ ಬಟ್ಟೆ ಸರಿಸಿ ಯಂತ್ರದ ಎರಡು ಹಿಡಿಗಳನ್ನು ಮುಟ್ಟಿ ನೋಡಿದಳು.

“ನಾನು ಎಡಗಡೆ ಹಿಡೀತೀನಿ, ನೀವು ಬಲಗಡೆ ಹಿಡೀರಿ.”

“ಒಂದು ಯಂತ್ರಕ್ಕೆ ಇಬ್ರು ಜೋತು ಬಿದ್ರೆ ಊರು ನಗುತ್ತೆ. ಬೇಡ. ನೀನು ಓಡಿಸೋವಾಗ ಶೆಡ್ಡಿನ ಬಾಗಿಲು ತೆಗೆದಿಡು. ನಮ್ಮನೆ ತನಕ ಸದ್ದು ಬರುತ್ತೆ.”

“ತಪ್ಪಾಗಿ ಒತ್ತಿದ್ರೆ?”

“ಸದ್ದಲ್ಲೇ ಗೊತ್ತಾಗುತ್ತೆ. ಬೈತೀನಿ.”

“ಗಟ್ಟಿಯಾಗಿ ಬೈಯಿರಿ. ನನಗೆ ಕೇಳಿಸಬೇಕು.”

ನರ್ಸ್ ನೊಬುಹಾರನ ಹೆಸರು ಕರೆದಳು. ಅವನು ಬಲಗೈಯಿಂದ ಎಡಗೈಯನ್ನು ಎತ್ತಿ ಎದೆಗೆ ಆನಿಸಿಕೊಂಡು ಒಳಗೆ ನಡೆದ. ಕಿನುಯೊ ಯಂತ್ರವನ್ನು ತಬ್ಬಿಕೊಂಡು ಹೊರಬಾಗಿಲ ಕಡೆ ಹೊರಟಳು. ಕಣ್ಣೊರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.