ಗೀಟಿನ ಬಣ್ಣ ಹೇಳು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಲ್ಲಿ ಕೂತಿರೋ, ತೀರಿಕೊಂಡ ನಮ್ಮ ಸಾಹೇಬರ ಹೆಂಡತಿ ಅಕ್ಕನಿಗೆ, ಅವರ ಇಬ್ಬರು ಹೆಣ್ಣುಮಕ್ಕಳಿಗೆ — ನಿಮ್ಮ ದುಃಖದ ಎದುರು ನನ್ನ ಮಾತು ದೊಡ್ಡದಲ್ಲ. ಆದರೂ ಅಕ್ಕ, "ಮನಸ್ಸಲ್ಲಿರೋದನ್ನ ಹೇಳಿಬಿಡು" ಅಂತ ನೀವೇ ಅಂದಿದ್ದೀರಿ. ಹೇಳ್ತೀನಿ.

ನಮ್ಮ ಖನಿಜ ಪರೀಕ್ಷಾಲಯದ ಮುಖ್ಯಸ್ಥರಾಗಿದ್ದ ಅವರನ್ನ ನಾವೆಲ್ಲ ಬೆನ್ನ ಹಿಂದೆ "ಒರೆಗಲ್ಲು" ಅಂತಿದ್ವಿ. ಮುಖದ ಮುಂದೆ ಅನ್ನೋ ಧೈರ್ಯ ಯಾರಿಗಿತ್ತು? ಕಲ್ಲನ್ನ ಹೀಗೆ — ಅಂಗೈಯಲ್ಲಿ ತೂಗಿ ನೋಡೋರು. ಉಗುರಲ್ಲಿ ಗೀರೋರು, ಆಮೇಲೆ ಚಾಕುವಲ್ಲಿ. ಒಡೆದ ಮೈ ಮೇಲೆ ಹೆಬ್ಬೆರಳು ಆಡಿಸೋರು. ಸೋಪಿನ ಹಾಗೆ ಜಾರಿದರೆ ಬಳಪದ ಕಲ್ಲು. ಕಲ್ಲುಪ್ಪು ಇರಬಹುದು ಅನ್ನಿಸಿದರೆ ನಾಲಿಗೆಗೇ ಮುಟ್ಟಿಸೋರು. ಒಮ್ಮೆ ಹಾಗೆ ನೆಕ್ಕಿ, "ಉಪ್ಪಲ್ಲ" ಅಂತ ಗಂಭೀರವಾಗಿ ಬರೆಸಿದ್ರು. ಆ ಮಾದರಿ ಚರಂಡಿ ಅಗೆದ ಜಾಗದಿಂದ ಬಂದಿತ್ತು ಅಂತ ಸಂಜೆ ಗೊತ್ತಾಯ್ತು. ನಗಿ, ಪರವಾಗಿಲ್ಲ — ಅವರೂ ನಕ್ಕಿದ್ರು.

ಒಂದು ಕೆಲಸ ಮಾತ್ರ ನನ್ನದು. ಕಲ್ಲನ್ನ ಒರಟು ಬಿಳಿ ಬಿಲ್ಲೆ ಮೇಲೆ ಉಜ್ಜೋದು. ನೋಡೋಕೆ ಕಪ್ಪಾಗಿರೋ ಎರಡು ಕಬ್ಬಿಣದ ಅದಿರು ಇರ್ತವೆ — ಉಜ್ಜಿದರೆ ಒಂದರದ್ದು ಕೆಂಪು ಗೀಟು, ಇನ್ನೊಂದರದ್ದು ಹಳದಿ ಕಲೆತ ಕಂದು. ಯಾವುದು ಯಾವುದು ಅಂತ ಹೇಳೋದು ಆ ಗೀಟೇ. ಅವರು ಕುರ್ಚಿಗೆ ಒರಗಿ, "ಗೀಟಿನ ಬಣ್ಣ ಹೇಳು" ಅನ್ನೋರು. ಹೇಳ್ತಿದ್ದೆ. "ಸರಿಯಾಗಿ ನೋಡಿದ್ಯಾ?" ಮತ್ತೆ ನೋಡ್ತಿದ್ದೆ. ಒಂಬತ್ತು ವರ್ಷ! ತಲೆ ನರೆತ ಮೇಲೂ ನನಗೆ ದಿನಾ ಪರೀಕ್ಷೆ.

ಪ್ರತಿ ವರ್ಷ ನನ್ನ ಬಗ್ಗೆ ಮೇಲಿನವರಿಗೆ ಅವರು ಬರೆಸಿದ್ದು ಒಂದೇ ಸಾಲು — "ಗೀಟು ಗುರುತಿಸುವುದರಲ್ಲಿ ಇನ್ನೂ ಪಳಗಬೇಕು." ಎರಡು ಸಲ ಬೇರೆ ಪರೀಕ್ಷಾಲಯದ ಮುಖ್ಯಸ್ಥನ ಹುದ್ದೆ ನನ್ನ ಬಾಗಿಲವರೆಗೆ ಬಂದು ವಾಪಸ್ ಹೋಯ್ತು. ಎರಡು ಸಲವೂ ಅವರೇ ಬೆನ್ನು ತಟ್ಟಿ, "ಇನ್ನೊಂದೆರಡು ವರ್ಷ ಇಲ್ಲೇ ಇರು ತಮ್ಮಾ" ಅಂದ್ರು. ನಂಬಿದೆ. ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡು ಡಾಕ್ಟರ್ ಹತ್ತಿರ ತೋರಿಸ್ಕೊಂಡು ಬಂದೆ. "ಹದ್ದಿನ ಕಣ್ಣು ನಿಮ್ಮದು" ಅಂದ್ರು ಡಾಕ್ಟರು. ಆಗಲೂ ನಾನು ಅನುಮಾನ ಪಟ್ಟಿದ್ದು ಆ ಡಾಕ್ಟರನ್ನೇ!

ಮೊನ್ನೆ ಪರೀಕ್ಷಾಲಯದ ಬೀಗದ ಕೈ ತರೋಕೆ ಅವರ ಮನೆಗೆ ಹೋದೆ. ಅಕ್ಕ ಒಂದು ಫೈಲು ಕೈಗಿಟ್ರು. ಒಂಬತ್ತು ವರ್ಷದ ಕಣ್ಣಿನ ಪರೀಕ್ಷೆಯ ಚೀಟಿಗಳು — ಅವರ ಕಣ್ಣಿನವು. ಮೊದಲು ಬಣ್ಣ ಹೋಗಿತ್ತು. ಆಮೇಲೆ ನಿಧಾನಕ್ಕೆ ಅಕ್ಷರ. "ನಿನ್ನನ್ನ ಕಳಿಸಿಬಿಟ್ಟಿದ್ರೆ ಮಾರನೇ ದಿನವೇ ಅವರು ಮನೇಲಿ ಕೂರಬೇಕಿತ್ತು ಕಣೋ" ಅಂದ್ರು ಅಕ್ಕ.

ಹೇಳಿದ್ದಿದ್ರೆ — ಒಂದೇ ಒಂದು ಮಾತು ಹೇಳಿದ್ದಿದ್ರೆ, ನಾನೇ ಉಳೀತಿದ್ದೆ. ಯಾರಿಗೂ ಗೊತ್ತಾಗದ ಹಾಗೆ ನೋಡ್ಕೋತಿದ್ದೆ. ಕೇಳಿದ್ರೆ ಕೊಡ್ತಿದ್ದದ್ದನ್ನ ಕದ್ದುಬಿಟ್ರು. ಕಲ್ಲನ್ನ ಕೈಗೆ ತಗೊಂಡ್ರೆ ಸಾಕು, ಅದರ ಗುಣ ಹೇಳೋ ಮನುಷ್ಯನಿಗೆ ಪಕ್ಕದಲ್ಲೇ ಕೂತಿದ್ದವನ ಗುಣ ತಿಳೀಲಿಲ್ವಾ?

ದೊಡ್ಡ ಪರೀಕ್ಷಕರು, ಅದರಲ್ಲಿ ಎರಡು ಮಾತಿಲ್ಲ. ನನಗೆ ಮೋಸ ಮಾಡಿದ್ರು — ಅದರಲ್ಲೂ ಎರಡು ಮಾತಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಮೌನವಾಗಿರೋಣ. ನೀವೆಲ್ಲ ಕಣ್ಣು ಮುಚ್ಚಿ. ನಾನು ಮುಚ್ಚಲ್ಲ. ಒಂಬತ್ತು ವರ್ಷ ಅವರಿಗೋಸ್ಕರ ನೋಡಿದ್ದೀನಿ. ಈ ಒಂದು ನಿಮಿಷ, ಆ ಫೋಟೋದಲ್ಲಿರೋ ಮುಖವನ್ನ ನನಗೋಸ್ಕರ ನೋಡ್ತೀನಿ.